ಕಡಲಂಚಿನ ಹಕ್ಕಿಗಳ ವೇಳಾಪಟ್ಟಿ

ವಲಸೆ ಹಕ್ಕಿಗಳನ್ನು ನೋಡಲು ಎಲ್ಲಿಗೆ ಹೋಗಬೇಕೆಂದು ಕೇಳುವ ವಿದ್ಯಾರ್ಥಿಗಳು ಅನೇಕರು. ಎಷ್ಟು ಗಂಟೆಗೆ ಹೋಗಬೇಕೆಂದು ಕೇಳುವವರು ವಿರಳ. ಒಳನಾಡಿನ ಕೆರೆಗೆ ಹೋಗುವವರಿಗೆ ಈ ಎರಡನೆಯ ಪ್ರಶ್ನೆ ಅಷ್ಟೇನೂ ಮುಖ್ಯವಲ್ಲ. ಮುಂಜಾನೆ ಹೋದರೆ ಲೇಸು, ತಡವಾದರೂ ನಷ್ಟವಿಲ್ಲ. ಕೆರೆ ಇದ್ದಲ್ಲಿಯೇ ಇರುತ್ತದೆ, ಬಾತುಗಳೂ ಅಲ್ಲಿಯೇ ತೇಲುತ್ತಿರುತ್ತವೆ. ಕಡಲಂಚಿನ ಸಂಗತಿ ಬೇರೆ. ಬೆಳಿಗ್ಗೆ ಏಳು ಗಂಟೆಗೆ ಸಾವಿರಾರು ಹಕ್ಕಿಗಳು ಓಡಾಡುತ್ತಿದ್ದ ಕೆಸರು ಬಯಲಿನ ಮೇಲೆ ಹನ್ನೊಂದು ಗಂಟೆಗೆ ದೋಣಿ ಸಾಗುತ್ತಿರಬಹುದು. ಅಲ್ಲಿ ಗಡಿಯಾರಕ್ಕೆ ಕೀಲಿ ಕೊಡುವವನು ಸೂರ್ಯನಿಗಿಂತ ಹೆಚ್ಚಾಗಿ ಚಂದ್ರ.

ಶರತ್ಕಾಲದಲ್ಲಿ, ಅಂದರೆ ಆಗಸ್ಟಿನ ಕೊನೆಯಿಂದ ನವೆಂಬರಿನವರೆಗೆ, ಕರ್ನಾಟಕದ ಸುಮಾರು 300 ಕಿಲೋಮೀಟರ್ ಉದ್ದದ ಕರಾವಳಿಗೆ ಉತ್ತರದಿಂದ ಬಂದಿಳಿಯುವ ಹಕ್ಕಿಗಳನ್ನು ಕುರಿತು ಈ ಲೇಖನ. ಅವು ಬರುವುದು, ಉಣ್ಣುವುದು, ಹಾರುವುದು, ದಾರಿ ಕಾಣುವುದು—ಎಲ್ಲದರಲ್ಲಿಯೂ ನಮ್ಮ ಪಠ್ಯಪುಸ್ತಕದ ಭೌತಶಾಸ್ತ್ರವೇ ಎದುರಾಗುತ್ತದೆ. ಅದನ್ನು ತಿಳಿದು ಹೋದವನು ಹೆಚ್ಚು ನೋಡುತ್ತಾನೆ. ಅಷ್ಟೇ ಅಲ್ಲ, ನೋಡುವ ಭರದಲ್ಲಿ ಹಕ್ಕಿಗೆ ಕೇಡು ಮಾಡದೆ ಹಿಂದಿರುಗುತ್ತಾನೆ.

ಬರುವವರು ಯಾರು?

ಪಕ್ಷಿವೀಕ್ಷಣೆ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ರಂಗನತಿಟ್ಟು, ಕೊಕ್ಕರೆ ಬೆಳ್ಳೂರು. ಅಲ್ಲಿ ಜನ ನೋಡಲು ಮುಗಿಬೀಳುವ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟಿ ಮರಿ ಮಾಡುವ ಹಕ್ಕಿಗಳು. ಕಡಲಂಚಿನ ಅತಿಥಿಗಳು ಅಂಥವಲ್ಲ. ಅವುಗಳ ತವರು ಸೈಬೀರಿಯದ ಉತ್ತರದ ಹಿಮಬಯಲು, ಇಲ್ಲವೆ ಮಧ್ಯ ಏಷ್ಯ, ಇಲ್ಲವೆ ಹಿಮಾಲಯದಾಚೆಯ ಎತ್ತರದ ನೆಲ. ನಮ್ಮಲ್ಲಿ ಅವು ಗೂಡು ಕಟ್ಟುವುದಿಲ್ಲ. ಉಣ್ಣಲು ಮತ್ತು ಗರಿ ಬದಲಿಸಲು ಬರುತ್ತವೆ. ಬಹುಪಾಲು ಸಣ್ಣ ಗಾತ್ರದವು, ಮಾಸಲು ಬಣ್ಣದವು. ಮೊದಲ ದಿನ ನೋಡಿದವನಿಗೆ ಎಲ್ಲವೂ ಒಂದೇ ಹಕ್ಕಿಯಂತೆ ಕಾಣುವುದು ಸಹಜ. ಗೊರವ, ಉಲ್ಲಂಕಿ ಎಂಬ ಹೆಸರುಗಳು ಕನ್ನಡದಲ್ಲಿ ಇವೆಯಾದರೂ ಒಂದೊಂದು ಜಾತಿಯನ್ನೂ ಬೇರ್ಪಡಿಸಿ ಹೇಳುವ ಹೆಸರುಗಳು ಇನ್ನೂ ಎಲ್ಲರ ಬಾಯಲ್ಲಿ ನೆಲೆಗೊಂಡಿಲ್ಲ. ಆದ್ದರಿಂದ ಪಕ್ಷಿಪುಸ್ತಕಗಳಲ್ಲಿ ಸಿಗುವ ಇಂಗ್ಲಿಷ್ ಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ.

ನಮ್ಮ ದಂಡೆಯಲ್ಲಿ ಅತ್ಯಂತ ಸಾಮಾನ್ಯವಾದದ್ದು ಸ್ಯಾಂಡ್ ಪ್ಲವರ್. ಗುಬ್ಬಿಗಿಂತ ದೊಡ್ಡದು, ಮೈನಾಕ್ಕಿಂತ ಚಿಕ್ಕದು. ಬೆನ್ನು ಒಣ ಮರಳಿನ ಬಣ್ಣ, ಹೊಟ್ಟೆ ಬಿಳಿ. ಹಳೆಯ ಪುಸ್ತಕಗಳಲ್ಲಿ ಇದು ‘ಲೆಸ್ಸರ್ ಸ್ಯಾಂಡ್ ಪ್ಲವರ್’. ಈಚೆಗೆ ಅದನ್ನು ಎರಡು ಜಾತಿಗಳಾಗಿ ಬೇರ್ಪಡಿಸಿದ್ದಾರೆ. ನಮ್ಮಲ್ಲಿಗೆ ಬರುವುದು ‘ಟಿಬೆಟನ್’ ಎಂಬ ವಿಶೇಷಣ ಹೊತ್ತದ್ದು. ಟಿಬೆಟ್, ಲಡಾಖ್‌ಗಳ ಕಡೆ 4,000 ಮೀಟರಿಗೂ ಮೇಲಿನ ಬೋಳು ನೆಲದಲ್ಲಿ ಮೊಟ್ಟೆಯಿಡುವ ಈ ಹಕ್ಕಿ ವರ್ಷದ ಹೆಚ್ಚಿನ ಭಾಗವನ್ನು ಸಮುದ್ರ ಮಟ್ಟದಲ್ಲಿ ಕಳೆಯುತ್ತದೆ. ಅದೇ ಎತ್ತರದ ಸರೋವರಗಳಿಂದ ಕಂದುತಲೆಯ ಗಲ್ ಎಂಬ ಕಡಲಹಕ್ಕಿಯೂ ಇಳಿದು ಬರುತ್ತದೆ. ಆರ್ಕ್‌ಟಿಕ್ ಪ್ರದೇಶದಿಂದ ಬರುವವು ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಲಿಟಲ್ ಸ್ಟಿಂಟ್. ಎರಡನೆಯದು ಇಪ್ಪತ್ತೈದು ಗ್ರಾಮಿನ ಆಸುಪಾಸಿನ ಜೀವಿ. ಅಂಚೆಯಲ್ಲಿ ಹಾಕಿದರೆ ಒಂದು ದಪ್ಪ ಕಾಗದಕ್ಕೆ ತಗಲುವಷ್ಟೇ ಖರ್ಚು ಬಂದೀತು.

ಇವು ಬರುವ ಕ್ರಮದಲ್ಲಿಯೂ ಒಂದು ಸ್ವಾರಸ್ಯವಿದೆ. ಮೊದಲು ಬರುವವು ಪ್ರಾಯದ ಹಕ್ಕಿಗಳು. ಆಗಸ್ಟಿನಲ್ಲಿ ನೋಡಿದರೆ ಅವುಗಳ ಎದೆಯ ಮೇಲೆ ಬೇಸಗೆಯ ಕೆಂಪು ಇನ್ನೂ ಹರಕು ಹರಕಾಗಿ ಉಳಿದಿರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರಿನಲ್ಲಿ ಗಂಡು ಕಾವು ಕೂರುವುದಿಲ್ಲ. ಆದ್ದರಿಂದ ಅದೇ ಮುಂದಾಗಿ ಹೊರಡುತ್ತದೆ, ಹೆಣ್ಣು ತರುವಾಯ. ಆ ವರ್ಷ ಹುಟ್ಟಿದ ಮರಿಗಳು ಕೊನೆಗೆ, ಬಹುಮಟ್ಟಿಗೆ ತಂದೆತಾಯಿಗಳ ಜೊತೆಯಿಲ್ಲದೆ, ಹಿಂದೆಂದೂ ನೋಡಿರದ ದಾರಿಯಲ್ಲಿ ಬರುತ್ತವೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪಂಚಾಂಗ ನೋಡಿ ಹೊರಡುವುದು

ಚಂದ್ರನು ನಮ್ಮ ನೆತ್ತಿಯ ರೇಖೆಯನ್ನು ದಾಟಿ ಮತ್ತೆ ಅಲ್ಲಿಗೆ ಬರಲು ಸುಮಾರು 24 ಗಂಟೆ 50 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಎರಡು ಉಬ್ಬರ, ಎರಡು ಇಳಿತ. ಆದ್ದರಿಂದ ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ 12 ಗಂಟೆ 25 ನಿಮಿಷ. ಇಂದಿನ ಉಬ್ಬರಕ್ಕಿಂತ ನಾಳಿನದು 50 ನಿಮಿಷ ತಡ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳ ಎತ್ತರ ಒಂದೇ ಆಗಿರುವುದಿಲ್ಲ ಎಂಬ ತೊಡಕೊಂದಿದೆ, ಆದರೆ ಹೊತ್ತಿನ ಲೆಕ್ಕಕ್ಕೆ ಅದು ಅಡ್ಡಿಯಲ್ಲ.

ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತಗಳು ಒಂದೇ ರೇಖೆಯಲ್ಲಿ ಕೂಡುವುದರಿಂದ ಉಬ್ಬರವಿಳಿತ ಹಿರಿದಾಗುತ್ತದೆಂದು ಪಾಠದಲ್ಲಿ ಓದಿದ್ದೀರಿ. ಪಾಠದಲ್ಲಿ ಸಾಮಾನ್ಯವಾಗಿ ಹೇಳದ ಒಂದು ಸಂಗತಿಯಿದೆ. ಉಬ್ಬರದ ವೇಳೆ ಚಂದ್ರನನ್ನು ಹಿಂಬಾಲಿಸುವುದರಿಂದ, ಒಂದು ನಿರ್ದಿಷ್ಟ ಸ್ಥಳದಲ್ಲಿ ಪ್ರತಿ ಹುಣ್ಣಿಮೆಯ, ಪ್ರತಿ ಅಮಾವಾಸ್ಯೆಯ ಉಬ್ಬರ ಹೆಚ್ಚುಕಡಮೆ ಅದೇ ಗಂಟೆಗೆ ಬೀಳುತ್ತದೆ. ನಮ್ಮ ಕರಾವಳಿಯಲ್ಲಿ ಅದು ಮಧ್ಯಾಹ್ನಕ್ಕೆ ಕೊಂಚ ಮುಂಚೆ. ಹಾಗಾದರೆ ಅಂದಿನ ಇಳಿತ ಬೆಳಗಿನ ಜಾವದಲ್ಲಿ. ಅಲ್ಲಿಂದ ದಿನಕ್ಕೆ 50 ನಿಮಿಷದಂತೆ ಮುಂದೂಡುತ್ತ ಹೋದರೆ ಪಂಚಾಂಗದ ತಿಥಿಯೇ ಗಡಿಯಾರವಾಗುತ್ತದೆ. ಅಷ್ಟಮಿಗೆ ಬರುವ ಹೊತ್ತಿಗೆ ಎಲ್ಲವೂ ಸುಮಾರು ಆರು ಗಂಟೆ ಸರಿದು, ಹಗಲಿನ ಇಳಿತ ಮಧ್ಯಾಹ್ನದ ಸುತ್ತ ಬೀಳುತ್ತದೆ. ಆಗ ಏರಿಳಿತವೂ ಮಂದ. ಮೀನುಗಾರರು ಈ ಲೆಕ್ಕವನ್ನು ಬೆರಳ ಮೇಲೆ ಮಾಡುತ್ತಾರೆ. ನಿಮಿಷದವರೆಗೂ ಬೇಕೆನ್ನುವವರು ಭಾರತೀಯ ಸರ್ವೇಕ್ಷಣ ಇಲಾಖೆ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯನ್ನು ನೋಡಬಹುದು. ಅಳಿವೆಯಿಂದ ಒಳಗೆ ಹೋದಂತೆಲ್ಲ ಉಬ್ಬರ ಇನ್ನಷ್ಟು ತಡವಾಗಿ ತಲುಪುತ್ತದೆ ಎಂಬುದೊಂದು ನೆನಪಿನಲ್ಲಿರಲಿ.

ಇಷ್ಟು ತಿಳಿದರೆ ದಿನವನ್ನು ಆರಿಸುವುದು ಸುಲಭ. ಹಕ್ಕಿಗಳನ್ನು ನೋಡಲು ತಕ್ಕ ಹೊತ್ತು ಪೂರ್ಣ ಇಳಿತವಲ್ಲ. ಆಗ ಅವು ದೂರದ ನೀರಂಚಿನಲ್ಲಿ ಚುಕ್ಕೆಗಳಂತೆ ಚದುರಿರುತ್ತವೆ. ಪೂರ್ಣ ಉಬ್ಬರವೂ ಅಲ್ಲ. ಆಗ ಅವು ಎಲ್ಲೋ ಒಂದು ಮರಳ ದಿಬ್ಬದ ಮೇಲೆ ಒತ್ತಾಗಿ ನಿಂತು ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ರಿಸುತ್ತವೆ. ಬೇಕಾದದ್ದು ಇವೆರಡರ ನಡುವಣ ಏರುನೀರು. ನೀರು ಏರಿದಂತೆ ಹಕ್ಕಿಗಳು ತಾವಾಗಿ ನಿಮ್ಮ ಕಡೆಗೆ ಬರುತ್ತವೆ. ನೀವು ಅವುಗಳ ಕಡೆಗೆ ಹೋಗಬೇಕಾಗಿಲ್ಲ.

ಎಷ್ಟು ವೇಗವಾಗಿ ಬರುತ್ತವೆ? ನೀರಿನ ಏರಿಕೆ ಸೈನ್ ವಕ್ರರೇಖೆಯನ್ನು ಹೋಲುತ್ತದೆ. ನಾವಿಕರು ಅದನ್ನು ಸರಳಗೊಳಿಸಿ, ಆರು ಗಂಟೆಗಳಲ್ಲಿ ಕ್ರಮವಾಗಿ ಹನ್ನೆರಡನೆಯ 1, 2, 3, 3, 2, 1 ಪಾಲು ಏರುತ್ತದೆ ಎನ್ನುತ್ತಾರೆ. ಒಟ್ಟು ಏರಿಕೆ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ, ಕೆಸರು ಬಯಲಿನ ಇಳಿಜಾರು 500ಕ್ಕೆ 1 ಎನ್ನಿ. ಮೂರನೆಯ ಗಂಟೆಯಲ್ಲಿ ನೀರು ಮೂವತ್ತೇಳೂವರೆ ಸೆಂಟಿಮೀಟರ್ ಮೇಲೇರಿದರೆ, ಅದರ ಅಂಚು ಬಯಲಿನ ಮೇಲೆ 187 ಮೀಟರ್ ಮುಂದೆ ಬರುತ್ತದೆ: ನಿಮಿಷಕ್ಕೆ ಮೂರು ಮೀಟರ್! ಅಂಬೆಗಾಲಿಡುವ ಮಗುವಿನ ವೇಗ. ಆದ್ದರಿಂದ ಈ ನಡುವಣ ಎರಡು ಗಂಟೆಗಳು ಮೊದಲಾಗುವುದಕ್ಕೆ ಮುನ್ನವೇ ದಂಡೆಯಲ್ಲಿ ಒಂದು ಕಡೆ ಕುಳಿತುಬಿಡಬೇಕು.

ಇದಕ್ಕೆ ಬೆಳಕಿನ ಲೆಕ್ಕವನ್ನೂ ಸೇರಿಸಿ. ಪಶ್ಚಿಮ ಕರಾವಳಿಯಲ್ಲಿ ಕಡಲು ಪಡುವಣಕ್ಕಿದೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿದ್ದು ಹಕ್ಕಿಯ ಮೇಲೆ ನೇರವಾಗಿ ಬೆಳಕು ಚೆಲ್ಲುತ್ತಾನೆ. ಸಂಜೆ ಅದೇ ಹಕ್ಕಿ ಹೊಳೆಯುವ ನೀರಿನ ಎದುರು ಬರಿಯ ಕಪ್ಪು ನೆರಳು. ಇನ್ನೊಂದು ಅಡ್ಡಿ ಕಾದ ನೆಲದ್ದು. ಒಂಬತ್ತೂವರೆಯ ಹೊತ್ತಿಗೆ ಮರಳು ಕಾಯತೊಡಗಿ, ಮೇಲಣ ಗಾಳಿಯ ಪದರಗಳಲ್ಲಿ ಸಾಂದ್ರತೆ ಏರುಪೇರಾಗಿ, ವಕ್ರೀಭವನಾಂಕ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಕ್ಕಿ ನಡುಗುತ್ತಿರುವಂತೆ ಕಾಣುತ್ತದೆ. ಹೆಚ್ಚು ವರ್ಧನೆಯ ದೂರದರ್ಶಕ ತಂದರೆ ನಡುಕವೂ ಅಷ್ಟೇ ಪಾಲು ವರ್ಧಿಸುತ್ತದೆ, ಲಾಭವಿಲ್ಲ. ಹೀಗೆ ಬೆಳಕು, ಶಾಖ, ನೀರು ಮೂರೂ ಕೂಡಿ ಬರುವ ಹೊತ್ತು ಒಂದೇ: ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಮತ್ತು ಅದರ ಮುಂದಿನ ಎರಡು ದಿನಗಳ ಮುಂಜಾನೆ, ಆರೂವರೆಯಿಂದ ಒಂಬತ್ತೂವರೆ. ತಿಂಗಳಿಗೆ ಆರು ಬೆಳಗುಗಳು! ಪಶ್ಚಿಮ ಕರಾವಳಿಯ ಈ ಅನುಕೂಲ ಪೂರ್ವ ಕರಾವಳಿಯವರಿಗಿಲ್ಲ. ಅಲ್ಲಿ ಬೆಳಗಿನ ಸೂರ್ಯ ಕಡಲಿನ ಕಡೆಯಿಂದ ಕಣ್ಣಿಗೆ ಹೊಡೆಯುತ್ತಾನೆ.

ದುರ್ಬೀನಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದರ ಮೇಲೆ 8×40 ಎಂದು ಬರೆದಿದ್ದರೆ ವರ್ಧನೆ ಎಂಟು, ಮುಂದಿನ ಮಸೂರದ ವ್ಯಾಸ 40 ಮಿಲಿಮೀಟರ್. ಹೊರಬರುವ ಬೆಳಕಿನ ಕಂತೆಯ ದಪ್ಪ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದಷ್ಟು, ಅಂದರೆ 5 ಮಿಲಿಮೀಟರ್. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ಅಗ್ಗದ, ಹಗುರವಾದ 8×30 ಸಹ ಧಾರಾಳವಾಗಿ ಸಾಕು.

ಕೆಸರಿನೊಳಗಣ ಭೌತಶಾಸ್ತ್ರ

ಕುಳಿತು ಹತ್ತು ನಿಮಿಷ ನೋಡಿದರೆ, ಒಂದೇ ಹಕ್ಕಿಯಂತೆ ಕಂಡ ಗುಂಪು ತಾನಾಗಿ ಬಿಡಿಸಿಕೊಳ್ಳುತ್ತದೆ. ಬಣ್ಣವನ್ನು ಬಿಟ್ಟು ಉಣ್ಣುವ ರೀತಿಯನ್ನು ಗಮನಿಸಬೇಕು. ಪ್ಲವರ್‌ಗಳ ಕೊಕ್ಕು ಮೊಂಡು, ಕಣ್ಣು ದೊಡ್ಡದು. ಅವು ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ನೋಡಿ, ಕುಕ್ಕುತ್ತವೆ. ಮೇಲ್ಮೈಯಲ್ಲಿ ಹುಳು ಮಿಸುಕಿದ್ದು ಕಾಣಬೇಕಾದರೆ ನೋಡುವವನು ನಿಂತಿರಬೇಕಷ್ಟೆ. ಸ್ಯಾಂಡ್‌ಪೈಪರ್‌ಗಳು ನಿಲ್ಲುವುದೇ ಇಲ್ಲ. ತಲೆ ಬಗ್ಗಿಸಿ ಹೊಲಿಗೆ ಯಂತ್ರದ ಸೂಜಿಯಂತೆ ಕೆಸರನ್ನು ಚುಚ್ಚುತ್ತ ಸಾಗುತ್ತವೆ. ಕರ್ಲ್ಯೂ ಹಕ್ಕಿಯ ಬಾಗಿದ ಕೊಕ್ಕು 15 ಸೆಂಟಿಮೀಟರಿಗೂ ಹೆಚ್ಚು ಬೆಳೆಯಬಹುದು. ಅದು ಏಡಿಯ ಬಿಲದ ತಳವನ್ನೇ ತಡಕುತ್ತದೆ. ಒಂದೇ ಬಯಲಿನ ಮೇಲೆ ಇಷ್ಟು ಜಾತಿಗಳು ಜಗಳವಿಲ್ಲದೆ ಉಣ್ಣುವುದು ಸಾಧ್ಯವಾದದ್ದು ಒಂದೊಂದೂ ಬೇರೆ ಬೇರೆ ಆಳದ ಅಡಿಗೆಮನೆಗೆ ಹೋಗುವುದರಿಂದ.

ಕಣ್ಣಿಗೆ ಕಾಣದ ಚಿಪ್ಪುಜೀವಿಯನ್ನು ಕೆಸರಿನಲ್ಲಿ ಚುಚ್ಚುವ ಹಕ್ಕಿ ಹೇಗೆ ಕಂಡುಹಿಡಿಯುತ್ತದೆ? ಕುರುಡಾಗಿ ಚುಚ್ಚುತ್ತ ಹೋದರೆ ಸಿಗುವ ಸಂಭವವನ್ನು ಲೆಕ್ಕ ಹಾಕಬಹುದು. ಆದರೆ ರೆಡ್ ನಾಟ್ ಎಂಬ ಹಕ್ಕಿಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಿಗುತ್ತದೆಂದು ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಕಂಡರು. 1998ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಭೌತಶಾಸ್ತ್ರದ ವಿದ್ಯಾರ್ಥಿಗಳು ಮೆಚ್ಚುವಂಥದು. ಒದ್ದೆ ಮರಳಿನಲ್ಲಿ ಹಕ್ಕಿ ಹೂತಿಟ್ಟ ಕಲ್ಲನ್ನೂ ಪತ್ತೆಹಚ್ಚಿತು! ಕಲ್ಲಿಗೆ ವಾಸನೆಯಿಲ್ಲ, ಚಲನೆಯಿಲ್ಲ, ಶಾಖವಿಲ್ಲ. ಒಣ ಮರಳಿನಲ್ಲಿ ಮಾತ್ರ ಅದಕ್ಕೆ ಸಾಧ್ಯವಾಗಲಿಲ್ಲ. ಅವರು ಕೊಟ್ಟ ವಿವರಣೆ ಇಷ್ಟು: ಕೊಕ್ಕನ್ನು ಚುಚ್ಚಿದಾಗ ಮರಳಿನ ಕಣಗಳ ನಡುವಣ ನೀರು ಒತ್ತಲ್ಪಟ್ಟು ಹೊರಕ್ಕೆ ಹರಿಯುತ್ತದೆ. ದಾರಿಯಲ್ಲಿ ಗಟ್ಟಿ ವಸ್ತು ಅಡ್ಡವಿದ್ದರೆ ಆ ಹರಿವು ತಡೆದು, ಒತ್ತಡದ ಹಂಚಿಕೆ ಬದಲಾಗುತ್ತದೆ. ಕೊಕ್ಕಿನ ತುದಿಯ ಕುಳಿಗಳಲ್ಲಿ ಹುದುಗಿರುವ ಸೂಕ್ಷ್ಮ ಸಂವೇದಕಗಳು ಆ ವ್ಯತ್ಯಾಸವನ್ನು ಗ್ರಹಿಸುತ್ತವೆ. ನಾಟ್ ನಮ್ಮ ಕರಾವಳಿಗೆ ಅಪರೂಪ. ಆದರೆ ಅದರ ಬಂಧುಗಳಾದ ಸ್ಯಾಂಡ್‌ಪೈಪರ್‌ಗಳು ನೀರು ಆಗತಾನೆ ಇಳಿದ ಹಸಿ ಅಂಚನ್ನೇ ಹಿಡಿದು ಸಾಗುವುದನ್ನು ನೋಡುವಾಗ ಈ ಪ್ರಯೋಗ ನೆನಪಾಗದಿರದು.

ಇಂಧನದ ಲೆಕ್ಕ

ಇಷ್ಟೊಂದು ಆತುರದಿಂದ ಉಣ್ಣುವುದು ಏಕೆ? ಸ್ಯಾಂಡ್ ಪ್ಲವರನ್ನೇ ತೆಗೆದುಕೊಂಡು ಒಂದು ಅಂದಾಜು ಮಾಡೋಣ. ಕೊಬ್ಬಿಲ್ಲದ ಮೈ 60 ಗ್ರಾಂ, ಹೊರಡುವಾಗ ತುಂಬಿಕೊಂಡ ಕೊಬ್ಬು 25 ಗ್ರಾಂ ಇರಲಿ. ಒಂದು ಗ್ರಾಂ ಕೊಬ್ಬು ಉರಿದರೆ 39 ಸಾವಿರ ಜೂಲ್ ಶಕ್ತಿ. 25 ಗ್ರಾಮಿಗೆ 9,75,000 ಜೂಲ್. ಹಾರಾಟದಲ್ಲಿ ಹಕ್ಕಿ ವೆಚ್ಚ ಮಾಡುವ ಸಾಮರ್ಥ್ಯ 8 ವಾಟ್ ಎಂದು ಹಿಡಿಯೋಣ. ಒಂದು ಸಣ್ಣ ಎಲ್‌ಇಡಿ ದೀಪದಷ್ಟು. ಭಾಗಿಸಿದರೆ ಸುಮಾರು 1,22,000 ಸೆಕೆಂಡ್, ಅಂದರೆ 34 ಗಂಟೆ. ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಅದು ಕ್ರಮಿಸುವ ದೂರ 1,870 ಕಿಲೋಮೀಟರ್. ಲೇಹ್‌ನಿಂದ ಕುಮಟಾಕ್ಕೆ ನೇರ ರೇಖೆಯಲ್ಲಿ ಸುಮಾರು 2,200 ಕಿಲೋಮೀಟರ್. ಸಾಲದು!

ಹಿಂದಿನಿಂದ ಗಂಟೆಗೆ ಬರಿಯ 10 ಕಿಲೋಮೀಟರ್ ವೇಗದ ಗಾಳಿ ತಳ್ಳಿದರೆ? 65ನ್ನು 34ರಿಂದ ಗುಣಿಸಿ: 2,210. ಈಗ ತಲುಪಿತು. ನಮಗೆ ಬೆವರಾರಿಸಲೂ ಸಾಲದಷ್ಟು ಮೆಲ್ಲನೆಯ ಗಾಳಿ ಹಕ್ಕಿಗೆ ಸೇರುವುದಕ್ಕೂ ಸೇರದಿರುವುದಕ್ಕೂ ನಡುವಣ ಅಂತರವಾಗುತ್ತದೆ. ಅಂಕಿಗಳು ಇಲ್ಲಿ ದುಂಡಾಗಿವೆ, ಕೊಬ್ಬು ಕರಗಿದಂತೆ ಮೈ ಹಗುರಾಗಿ ವೆಚ್ಚವೂ ಇಳಿಯುವುದನ್ನು ಬಿಟ್ಟಿದ್ದೇನೆ, ದಾರಿಯಲ್ಲಿ ಇಳಿದು ಉಣ್ಣುವುದನ್ನೂ ಬಿಟ್ಟಿದ್ದೇನೆ. ಆದರೆ ಲೆಕ್ಕದ ತಿರುಳು ಬದಲಾಗದು.

ಇಂಧನವಾಗಿ ಕೊಬ್ಬೇ ಏಕೆ? ನಮ್ಮ ಸ್ನಾಯುಗಳಲ್ಲಿ ಸಂಗ್ರಹವಾಗುವ ಗ್ಲೈಕೋಜನ್ ಗ್ರಾಮಿಗೆ 17 ಸಾವಿರ ಜೂಲ್ ಮಾತ್ರ ಕೊಡುತ್ತದೆ; ಮೇಲಾಗಿ ಒಂದೊಂದು ಗ್ರಾಮೂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಮೇಲಿನ ಪಯಣವನ್ನು ಗ್ಲೈಕೋಜನ್ನಿನಿಂದ ಮಾಡಬೇಕಾದರೆ 60 ಗ್ರಾಮಿನ ಹಕ್ಕಿ 230 ಗ್ರಾಂ ಹೊರೆ ಹೊರಬೇಕಾದೀತು. ಕೊಬ್ಬಿನದು ಒಣ ಇಂಧನ. ಉರಿದಾಗ ತನ್ನ ತೂಕಕ್ಕಿಂತ ಸ್ವಲ್ಪ ಹೆಚ್ಚೇ ನೀರನ್ನು ಕೊಟ್ಟು ಬಾಯಾರಿಕೆಯನ್ನೂ ನೀಗಿಸುತ್ತದೆ.

ಈ ವಿದ್ಯೆಯ ಪರಾಕಾಷ್ಠೆ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಹಕ್ಕಿಯಲ್ಲಿದೆ. ನಮ್ಮ ಕರಾವಳಿಗೂ ಅಲ್ಪ ಸಂಖ್ಯೆಯಲ್ಲಿ ಬರುವ ಈ ಜಾತಿಯ ಅಲಾಸ್ಕದ ಬಳಗ ಶರತ್ಕಾಲದಲ್ಲಿ ಪೆಸಿಫಿಕ್ ಸಾಗರವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟುತ್ತದೆ. 2022ರ ಅಕ್ಟೋಬರ್ 13ರಂದು ಅಲ್ಲಿಂದ ಹೊರಟ, ಐದು ತಿಂಗಳು ಪ್ರಾಯದ ಒಂದು ಮರಿ, ಬೆನ್ನಿನ ಮೇಲೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಯಂತ್ರವನ್ನು ಹೊತ್ತು, 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಇಳಿಯಿತು. ನಡುವೆ ಒಮ್ಮೆಯೂ ನಿಲ್ಲಲಿಲ್ಲ. ನೀರಿನ ಮೇಲೆ ಇಳಿದು ವಿಶ್ರಮಿಸುವ ಹಕ್ಕಿಯೇ ಅಲ್ಲ ಅದು. ಸರಾಸರಿ ವೇಗವನ್ನು ವಾಚಕರೇ ತೆಗೆಯಬಹುದು: ಗಂಟೆಗೆ 51 ಕಿಲೋಮೀಟರ್. ಅಲಾಸ್ಕದಲ್ಲಿ ಹೊರಟ ಗಳಿಗೆಯಲ್ಲಿಯೇ ರೇಡಾರ್ ಗುಮ್ಮಟಕ್ಕೆ ಬಡಿದು ಸತ್ತ ಇದೇ ಜಾತಿಯ ಹಕ್ಕಿಗಳನ್ನು ಪರೀಕ್ಷಿಸಿದಾಗ ಅವುಗಳ ತೂಕದ ಅರ್ಧಕ್ಕೂ ಹೆಚ್ಚು ಭಾಗ ಕೊಬ್ಬಾಗಿತ್ತು. ಜಠರ, ಕರುಳು, ಯಕೃತ್ತುಗಳು ಕುಗ್ಗಿ ಚಿಕ್ಕದಾಗಿದ್ದವು. ದಾರಿಯಲ್ಲಿ ಊಟವಿಲ್ಲವೆಂದ ಮೇಲೆ ಅಡಿಗೆಮನೆಯ ಭಾರವನ್ನೇಕೆ ಹೊರಬೇಕು?

ಈಗ ನಮ್ಮ ದಂಡೆಗೆ ಹಿಂದಿರುಗೋಣ. ಬಂದಿಳಿದ ಹಕ್ಕಿಯ ಭಂಡಾರ ಬರಿದು. ಅದು ಮುಂದಕ್ಕೆ ಹಾರುವುದಿದ್ದರೆ ಮತ್ತೆ ಕೊಬ್ಬು ತುಂಬಬೇಕು. ಇಲ್ಲಿಯೇ ನಿಲ್ಲುವುದಿದ್ದರೆ ಸವೆದ ರೆಕ್ಕೆಗರಿಗಳನ್ನು ಉದುರಿಸಿ ಹೊಸವನ್ನು ಬೆಳೆಸಬೇಕು. ಎರಡಕ್ಕೂ ಕೆಸರಿನ ಅನ್ನವೇ ಬೇಕು. ಆ ಕೆಸರು ತೆರೆದಿರುವುದು ದಿನಕ್ಕೆ ಕೆಲವೇ ಗಂಟೆ. ಆದ್ದರಿಂದಲೇ ಅವು ರಾತ್ರಿಯ ಇಳಿತದಲ್ಲಿಯೂ ಉಣ್ಣುತ್ತವೆ. ಹಗಲಿರುಳು ಸೇರಿ ಹತ್ತು ಗಂಟೆ ಉಂಡು ಒಂದು ಗ್ರಾಂ ಕೊಬ್ಬು ಕೂಡಿಸುತ್ತದೆಂದು ಊಹಿಸಿ. ಒಬ್ಬನು ಕ್ಯಾಮೆರಾ ಹಿಡಿದು ಹತ್ತಿರ ಹೋಗುತ್ತಾನೆ. ಗುಂಪು ಎದ್ದು ಎರಡು ನಿಮಿಷ ಸುತ್ತು ಹಾಕಿ ದೂರ ಇಳಿಯುತ್ತದೆ. ಎರಡು ನಿಮಿಷದ ಹಾರಾಟಕ್ಕೆ 960 ಜೂಲ್, ಅಂದರೆ 0.025 ಗ್ರಾಂ ಕೊಬ್ಬು. ಇದು ದೊಡ್ಡದಲ್ಲ ಎನಿಸೀತು. ಆದರೆ ಇಳಿದ ಮೇಲೂ ಹೆದರಿದ ಹಕ್ಕಿ ಮತ್ತೆ ನಿಶ್ಚಿಂತೆಯಿಂದ ಉಣ್ಣಲು ಇಪ್ಪತ್ತು ನಿಮಿಷ ಕಳೆದರೆ ಅದರ ನಷ್ಟ 0.033 ಗ್ರಾಂ. ಹಾರಾಟದ ವೆಚ್ಚಕ್ಕಿಂತ ಕಳೆದುಹೋದ ಹೊತ್ತಿನ ಬೆಲೆಯೇ ಹೆಚ್ಚು. ಒಂದು ಬೆಳಿಗ್ಗೆ ಇಂಥ ಹತ್ತು ಕಾಟಗಳಾದರೆ ದಿನದ ಗಳಿಕೆಯ ಅರ್ಧಕ್ಕಿಂತ ಹೆಚ್ಚು ಹೋಯಿತು. ಹಾರುವ ಗುಂಪಿನ ಚಿತ್ರ ಚೆನ್ನಾಗಿರುತ್ತದೆಂದು ಬೇಕೆಂದೇ ಎಬ್ಬಿಸುವವರನ್ನು ನಾನು ನೋಡಿದ್ದೇನೆ. ಅವರಿಗೆ ಈ ಲೆಕ್ಕ ತಿಳಿಯದು. ನಾಯಿಯನ್ನು ಬಿಡುವವರಿಗೂ ತಿಳಿಯದು. ನೋಡುವವನು ಕುಳಿತಿರಬೇಕು, ನೀರು ಹಕ್ಕಿಯನ್ನು ತರಬೇಕು ಎಂದು ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ. ಹಕ್ಕಿ ಉಣ್ಣುವುದನ್ನು ನಿಲ್ಲಿಸಿ ಕತ್ತೆತ್ತಿದರೆ ನೀವು ಸಾಕಷ್ಟು ಹತ್ತಿರವಾಗಿದ್ದೀರೆಂದು ಅರ್ಥ.

ಒಬ್ಬ ವೀಕ್ಷಕ ಕಸಿಯುವುದು ನಿಮಿಷಗಳನ್ನು. ಅಳಿವೆಯನ್ನು ತುಂಬಿಸಿ ಮೇಲೇರಿಸಿದರೆ ಹೋಗುವುದು ಗಂಟೆಗಳೆಲ್ಲವೂ. ನಮ್ಮಲ್ಲಿ ಇಂಥ ಬಯಲುಗಳು ಹೆಚ್ಚಿಲ್ಲ: ಕಾರವಾರದ ಬಳಿ ಕಾಳಿ, ಕುಮಟಾದ ಬಳಿ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದಲ್ಲಿ ಕೂಡುವ ಹೊಳೆಗಳು, ಮಂಗಳೂರಿನ ನೇತ್ರಾವತಿ ಮುಂತಾದ ಕೆಲವು ಅಳಿವೆಗಳು. ಇವುಗಳಲ್ಲಿ ಅಘನಾಶಿನಿ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ. ಅದರ ಅಳಿವೆಯಲ್ಲಿ ಹೆಂಗಸರು ಗಂಡಸರು ಇಳಿತದ ವೇಳೆ ಚಿಪ್ಪಿಕಲ್ಲು ಹೆಕ್ಕುತ್ತಾರೆ, ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಬತ್ತ ಬೆಳೆಯುತ್ತದೆ. ಹಕ್ಕಿಯೂ ಮನುಷ್ಯನೂ ಒಂದೇ ಕೆಸರಿನಿಂದ, ಒಂದೇ ಗಳಿಗೆಯಲ್ಲಿ ಉಣ್ಣುವ ಸ್ಥಳವದು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು.

ಗಾಳಿ ಮತ್ತು ದಾರಿ

ಆಗಸ್ಟಿನಲ್ಲಿ ಬರುವ ಹಕ್ಕಿಗೆ ಹಿಂಗಾಳಿಯ ಭಾಗ್ಯವಿಲ್ಲ. ಮುಂಗಾರಿನ ಪಡುವಣ ಗಾಳಿ ಅದರ ದಾರಿಗೆ ಅಡ್ಡವಾಗಿ ಬೀಸುತ್ತಿರುತ್ತದೆ. ಹೊಳೆ ದಾಟುವ ದೋಣಿಯ ಲೆಕ್ಕವನ್ನು ನೀವು ಮಾಡಿದ್ದೀರಿ, ಇದೂ ಅದೇ. ಹಕ್ಕಿಯ ಸ್ವಂತ ವೇಗ 55, ಅಡ್ಡಗಾಳಿ 40 ಇದ್ದರೆ, ನೇರ ದಕ್ಷಿಣಕ್ಕೆ ಸಾಗಲು ಅದು ಮೂತಿಯನ್ನು 47 ಡಿಗ್ರಿಯಷ್ಟು ಪಡುವಣಕ್ಕೆ ತಿರುಗಿಸಬೇಕು. ಉಳಿಯುವ ವೇಗ 55ರ ವರ್ಗದಿಂದ 40ರ ವರ್ಗವನ್ನು ಕಳೆದ ಮೊತ್ತದ ವರ್ಗಮೂಲ, ಅಂದರೆ 38ಕ್ಕೂ ಕಡಮೆ. ಹೀಗಿರುವಾಗ ದಾರಿಯಲ್ಲಿ ಇಳಿದು ಉಣ್ಣುವ ನೆಲೆಗಳಿಲ್ಲದೆ ಬರುವುದು ಅಸಾಧ್ಯ. ಅಕ್ಟೋಬರಿನಲ್ಲಿ ಮುಂಗಾರು ಹಿಂದೆಗೆದು, ನವೆಂಬರಿನ ಹೊತ್ತಿಗೆ ಈಶಾನ್ಯ ಗಾಳಿ ನೆಲೆಗೊಂಡಾಗ ಚಿತ್ರ ತಿರುಗುಮುರುಗಾಗುತ್ತದೆ.

ಆ ಗಾಳಿಯನ್ನೇ ನಂಬಿದ ಪಯಣಿಗ ಅಮೂರ್ ಫಾಲ್ಕನ್. ಸುಮಾರು 150 ಗ್ರಾಂ ತೂಗುವ ಈ ಪುಟ್ಟ ಡೇಗೆ ಪೂರ್ವ ಏಷ್ಯದಿಂದ ಹೊರಟು ಅಕ್ಟೋಬರಿನಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಸುತ್ತ ಲಕ್ಷಗಟ್ಟಲೆಯಾಗಿ ನೆರೆದು, ನವೆಂಬರಿನಲ್ಲಿ ಪರ್ಯಾಯದ್ವೀಪವನ್ನು ಹಾದು, ಸುಮಾರು 3,000 ಕಿಲೋಮೀಟರ್ ಅರಬ್ಬೀ ಸಮುದ್ರವನ್ನು ದಾಟಿ ಆಫ್ರಿಕವನ್ನು ಸೇರುತ್ತದೆ. 2012ರಲ್ಲಿ ದೋಯಾಂಗ್‌ನಲ್ಲಿ ಇವುಗಳನ್ನು ಬಲೆಯೊಡ್ಡಿ ಸಾವಿರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದುದು ಬೆಳಕಿಗೆ ಬಂದು, ಮರುವರ್ಷವೇ ಆ ಹಳ್ಳಿಗರು ತಾವಾಗಿ ಬೇಟೆಯನ್ನು ನಿಲ್ಲಿಸಿದರು. 2013ರಲ್ಲಿ ಅಲ್ಲಿ ಯಂತ್ರ ತೊಡಿಸಿ ಬಿಟ್ಟ ಮೂರು ಹಕ್ಕಿಗಳಿಗೆ ನಾಗಾ, ಪಾಂಗ್ತಿ, ವೋಖಾ ಎಂದು ಹೆಸರಿಟ್ಟಿದ್ದರು. ಅವು ಈ ಕಡಲ ದಾರಿಯನ್ನು ಸ್ಪಷ್ಟಪಡಿಸಿದವು. ನವೆಂಬರಿನ ನಡುವಿನಲ್ಲಿ ಕಡಲಂಚಿಗೆ ಹೋದವರು ಕೆಸರನ್ನಷ್ಟೇ ನೋಡದೆ ಆಗಾಗ ಆಕಾಶವನ್ನೂ ನೋಡಬೇಕು.

ಇನ್ನು, ಹಿಂದೆ ನೆನಪಿಡಿ ಎಂದ ಮಾತು: ತಂದೆತಾಯಿಗಳಿಲ್ಲದೆ ಬರುವ ಮರಿಗೆ ದಾರಿ ತೋರುವವರು ಯಾರು? ನೆದರ್‌ಲ್ಯಾಂಡ್ಸ್‌ನ ಪರ್ಡೆಕ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಅಚ್ಚರಿಯ ವಿಷಯ. ವಲಸೆಯ ನಡುವೆ ಹಿಡಿದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ಅವನ ತಂಡ ವಿಮಾನದಲ್ಲಿ ಸ್ವಿಟ್ಜರ್‌ಲ್ಯಾಂಡಿಗೆ ಒಯ್ದು ಬಿಟ್ಟಿತು. ಪ್ರಾಯದ ಹಕ್ಕಿಗಳು ಸ್ಥಳ ಬದಲಾದದ್ದನ್ನು ಅರಿತು ವಾಯವ್ಯಕ್ಕೆ ತಿರುಗಿ ತಮ್ಮ ಎಂದಿನ ಚಳಿಗಾಲದ ನೆಲೆಯ ಕಡೆ ಹೊರಟವು. ಮರಿಗಳು ಹಾಗೆ ಮಾಡದೆ, ಹಳೆಯ ದಿಕ್ಕನ್ನೇ ಹಿಡಿದು ನೇರವಾಗಿ ಹೋಗಿ ಸ್ಪೇನಿನ ಕಡೆ ಸೇರಿದವು. ಹುಟ್ಟಿನಿಂದ ಬರುವುದು ದಿಕ್ಕು. ನಕ್ಷೆ ಬರುವುದು ಅನುಭವದಿಂದ.

ದಿಕ್ಕನ್ನು ತಿಳಿಯಲು ಹಕ್ಕಿ ಸೂರ್ಯನನ್ನೂ ನಕ್ಷತ್ರಗಳನ್ನೂ ಬಳಸುತ್ತದೆ. ಭೂಮಿಯ ಕಾಂತಕ್ಷೇತ್ರವನ್ನೂ ಬಳಸುತ್ತದೆಂದು ಜರ್ಮನಿಯ ವಿಲ್ಚ್‌ಕೊ ದಂಪತಿಗಳು 1972ರಲ್ಲಿ ತೋರಿಸಿದರು. ಆದರೆ ಅದರ ದಿಕ್ಸೂಚಿ ನಮ್ಮ ಪ್ರಯೋಗಶಾಲೆಯದರಂತೆ ಉತ್ತರ ದಕ್ಷಿಣಗಳನ್ನು ಬೇರ್ಪಡಿಸುವುದಿಲ್ಲ. ಕ್ಷೇತ್ರರೇಖೆ ನೆಲದತ್ತ ಬಾಗಿರುವ ಕೋನವನ್ನು ಅರಿತು ‘ಧ್ರುವದ ಕಡೆ’, ‘ಸಮಭಾಜಕದ ಕಡೆ’ ಎಂದು ಮಾತ್ರ ತಿಳಿಯುತ್ತದೆ. ನಮ್ಮ ಓದುಗರಿಗೆ ಇದರಲ್ಲಿ ವಿಶೇಷ ಆಸಕ್ತಿಯಿರಬೇಕು. ಏಕೆಂದರೆ ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತದ ತುದಿಯ ಬಳಿಯೇ ಹಾದುಹೋಗುತ್ತದೆ. ಲಡಾಖಿನಲ್ಲಿ 50 ಡಿಗ್ರಿಗೂ ಹೆಚ್ಚಿರುವ ಬಾಗು ಕನ್ಯಾಕುಮಾರಿಯ ಸಮೀಪ ಬಹುಮಟ್ಟಿಗೆ ಸೊನ್ನೆ. ಬಾಗೇ ಇಲ್ಲದಲ್ಲಿ ಬಾಗನ್ನು ನೋಡಿ ದಿಕ್ಕು ಹೇಳುವ ದಿಕ್ಸೂಚಿ ಏನು ಮಾಡೀತು? ಸೂರ್ಯ ನಕ್ಷತ್ರಗಳು ಅಲ್ಲಿ ಸಹಾಯಕ್ಕೆ ಬರುತ್ತಿರಬಹುದು. ಕಣ್ಣಿನ ಅಕ್ಷಿಪಟಲದಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನಲ್ಲಿ, ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್ ಜೋಡಿಗಳ ಗಿರಕಿಯನ್ನು ಕಾಂತಕ್ಷೇತ್ರ ಪ್ರಭಾವಿಸುತ್ತದೆ ಎಂಬ ವಾದ ಈಗ ಬಲವಾಗಿದೆ. ಪೂರ್ಣ ಪುರಾವೆ ಇನ್ನೂ ದೊರೆತಿಲ್ಲ.

ಎಣಿಕೆ

ದಂಡೆಯಲ್ಲಿ ಕುಳಿತವರು ಬರಿಗೈಯಲ್ಲಿ ಏಳಬಾರದು, ಎಣಿಸಬೇಕು. ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆಯೆಂದು ಕಣ್ಣಿನಲ್ಲಿ ಅಳೆದು, ಆ ಅಳತೆಯಿಂದ ಗುಂಪನ್ನು ಅಳೆಯಿರಿ. ದಿನಾಂಕ, ಗಂಟೆ, ಉಬ್ಬರದ ಸ್ಥಿತಿ, ಗಾಳಿಯ ದಿಕ್ಕು, ಕೆಂಪೆದೆಯವು ಎಷ್ಟು, ಮಾಸಲು ಎಷ್ಟು—ಇವಿಷ್ಟನ್ನು ಬರೆಯಿರಿ. ಒಂದೇ ಸ್ಥಳಕ್ಕೆ ಒಂದೇ ತಿಥಿಯಂದು ವರ್ಷವರ್ಷವೂ ಹೋದರೆ ಆ ಅಂಕಿಗಳಿಗೆ ಬೆಲೆ ಬರುತ್ತದೆ. ಇ-ಬರ್ಡ್ ಎಂಬ ಜಾಗತಿಕ ದಾಖಲೆಗೆ ಅವನ್ನು ಯಾರು ಬೇಕಾದರೂ ಸೇರಿಸಬಹುದು.

ಕೆಲವೊಮ್ಮೆ ಹಕ್ಕಿಯ ಕಾಲಿನಲ್ಲಿ ಬಣ್ಣದ ಪುಟ್ಟ ಪತಾಕೆ ಕಾಣುತ್ತದೆ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸೆನ್ ಎಂಬ ಅಧ್ಯಾಪಕನು ಸ್ಟಾರ್ಲಿಂಗ್‌ಗಳ ಕಾಲಿಗೆ ಅಲ್ಯೂಮಿನಿಯಮ್ ಉಂಗುರ ತೊಡಿಸಿದಂದಿನಿಂದ ಬೆಳೆದುಬಂದ ವಿಧಾನವಿದು. ನಮ್ಮಲ್ಲಿ ಡಾ. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿತು. ಪತಾಕೆಯ ಬಣ್ಣ ಯಾವುದು, ಬಲಗಾಲೋ ಎಡಗಾಲೋ, ಮಂಡಿಯ ಮೇಲೋ ಕೆಳಗೋ, ಅಕ್ಷರವೇನು ಎಂಬುದನ್ನು ದೂರದಿಂದಲೇ ಓದಿ ಆ ಸಂಸ್ಥೆಗೆ ತಿಳಿಸಬಹುದು. ಅದು ಹಕ್ಕಿಯನ್ನು ಮತ್ತೆ ಹಿಡಿಯದೆ ದೊರೆತ ಸಾಕ್ಷ್ಯ.

ದಾಖಲೆ ಇಡುವವರಿಗೆ ಕೊನೆಯದಾಗಿ ಒಂದು ಎಚ್ಚರಿಕೆ. ಜುಲೈ ತಿಂಗಳಲ್ಲಿ ದಂಡೆಯಲ್ಲಿ ಸ್ಯಾಂಡ್ ಪ್ಲವರ್ ಕಂಡರೆ, ವಲಸೆ ಈ ವರ್ಷ ಬೇಗ ಮೊದಲಾಯಿತೆಂದು ಬರೆದುಬಿಡಬಾರದು. ಹಿಂದಿನ ಶರತ್ಕಾಲದಲ್ಲಿ ಬಂದ ಮರಿಗಳಲ್ಲಿ ಕೆಲವು ಮೊದಲ ಬೇಸಗೆಯಲ್ಲಿ ತವರಿಗೆ ಮರಳದೆ ಮಳೆಗಾಲವನ್ನು ಇಲ್ಲಿಯೇ ಕಳೆಯುತ್ತವೆ. ಎದೆಯಲ್ಲಿ ಕೆಂಪಿಲ್ಲದೆ, ಗರಿಗಳ ಅಂಚು ಸವೆದು, ಬಣ್ಣ ಮಾಸಿದ್ದರೆ ಅದು ಇಲ್ಲಿ ಉಳಿದುಕೊಂಡದ್ದು. ಎದೆಯಲ್ಲಿ ಇಟ್ಟಿಗೆಯ ಕೆಂಪು ಇನ್ನೂ ಉಳಿದಿದ್ದರೆ ಅದು ಟಿಬೆಟಿನ ಕಡೆಯಿಂದ ಆಗತಾನೆ ಬಂದದ್ದು.